ಪೆಟ್ಟಿಗೆಗೊಂದು ದಿನ ರಜೆ

ಇಯನ್ ಅವರ ಅಕಾರ್ಡಿಯನ್ನಿನ ಎರಡು ಬಿಳಿ ಕೀಗಳ ನಡುವಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಕುಂಕುಮ ಉಳಿದುಕೊಂಡಿದೆ. ಮೊನ್ನೆ ಹಳೆಯ ಟೂತ್‌ಬ್ರಷ್ ಒಂದನ್ನು ಒದ್ದೆ ಮಾಡಿಕೊಂಡು ಅದನ್ನು ತೆಗೆಯಲು ಕುಳಿತಿದ್ದೆ. ಶುಚಿ ಮಾಡುವುದು ನನ್ನ ಚಟ. ಇನ್ನೊಬ್ಬರ ಮನೆಗೆ ಹೋದಾಗಲೂ ಮೇಜಿನ ಮೇಲಿನ ಪುಸ್ತಕಗಳನ್ನು ಅಂಚಿಗೆ ಅಂಚು ಸೇರಿಸಿಡುತ್ತೇನೆ, ಆಮೇಲೆ ಯಾರಾದರೂ ನೋಡಿದರೇನೋ ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ. ಇಯನ್ ಅಡುಗೆಮನೆಯಿಂದಲೇ ಕೂಗಿದರು: "ಅದನ್ನು ಮುಟ್ಟಬೇಡ. ಅದು ಪೆಟ್ಟಿಗೆಯ ರಜೆಚೀಟಿ."

ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದುಕೊಂಡು ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ರಕಾರ ಉರುಳುವ ಬಗೆಯನ್ನು ಮಾತ್ರ ಬರೆದು ತೋರಿಸಲಾರೆ. ಪೆಟ್ಟಿಗೆ ಎಂದರೆ ಅಕಾರ್ಡಿಯನ್. ಸ್ಕಾಟ್ಲೆಂಡಿನವರು ಅದನ್ನು ಹಾಗೆಯೇ ಕರೆಯುತ್ತಾರಂತೆ. ಧಾರವಾಡದ ನನ್ನ ಚಿಕ್ಕಪ್ಪ ಹಾರ್ಮೋನಿಯಂಗೆ ಪೇಟಿ ಎನ್ನುವುದನ್ನು ಕೇಳಿಕೊಂಡೇ ಬೆಳೆದವಳಾದ್ದರಿಂದ ನನಗೆ ಅದು ವಿಚಿತ್ರವೆನಿಸಲಿಲ್ಲ.

ಇಯನ್ ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ನನ್ನ ಪಕ್ಕದ ಮನೆಯವರು. ಸ್ಕಾಟ್ಲೆಂಡಿನ ಪಡುವಣದ ಯಾವುದೋ ದ್ವೀಪದಲ್ಲಿ ಹುಟ್ಟಿ, ಎಣ್ಣೆ ಬಾವಿಗಳ ಕೆಲಸಕ್ಕೆಂದು ಹೂಸ್ಟನ್‌ಗೆ ಬಂದು, ನಿವೃತ್ತರಾದ ಮೇಲೆ ಇಲ್ಲಿಗೆ ಶಿಫ್ಟ್ ಆದವರು. ಅವರ ಹೆಂಡತಿ ಮೊಯ್ರಾ ಪಿಟೀಲು ನುಡಿಸುತ್ತಾರೆ. ಎರಡು ಬೀದಿ ಆಚೆ ಇರುವ ಗೆಳೆಯ ಕ್ಯಾಲಮ್ ಡ್ರಮ್ ಬಾರಿಸುತ್ತಾರೆ. ಮೂವರೂ ಎಪ್ಪತ್ತು ದಾಟಿದವರು. ಮೂವರೂ ಸೇರಿದರೆ ಅದೊಂದು ಕೇಲಿ ಬ್ಯಾಂಡ್. ಕೇಲಿ ಎಂದರೆ ಊರವರೆಲ್ಲ ಸಂಜೆ ಒಂದೆಡೆ ಸೇರಿ ಕುಣಿಯುವ ಕೂಟ. ಕುಣಿಯಲು ಬಾರದವರಿಗೂ ಹೆಜ್ಜೆ ಹೇಳಿಕೊಟ್ಟು ಕುಣಿಸುತ್ತಾರೆ. ಹೆಜ್ಜೆ ತಪ್ಪಿದರೆ ಎಲ್ಲರೂ ನಗುತ್ತಾರೆ, ತಪ್ಪಿದವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಆಸ್ಟಿನ್, ಹೂಸ್ಟನ್, ಡಾಲಸ್, ಹೀಗೆ ಸರದಿಯಂತೆ ತಿಂಗಳಿಗೊಂದು ಊರಿನಲ್ಲಿ ಇವರ ಕೂಟ.

ಇವರ ನಡುವೆ ನಾನು ಬಂದು ಸೇರಿದ್ದು ಡ್ರೈವರ್ ಆಗಿ. ಅಲ್ಲಿಯವರೆಗೆ ಇಯನ್ ಅವರೊಂದಿಗೆ ನನ್ನ ಮಾತೆಲ್ಲ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎಂಬುದಕ್ಕೆ ಸೀಮಿತವಾಗಿತ್ತು. ಒಂದು ಶನಿವಾರ ಬೆಳಗ್ಗೆ ಬಾಗಿಲು ತಟ್ಟಿ, ವ್ಯಾನ್ ಓಡಿಸುತ್ತಿದ್ದ ಕ್ಯಾಲಮ್‌ಗೆ ಕಣ್ಣಿನ ಆಪರೇಷನ್ ಆಗಿದೆ, ಹೂಸ್ಟನ್‌ಗೆ ಡ್ರೈವ್ ಮಾಡುತ್ತೀಯಾ ಎಂದು ಕೇಳಿದರು. ಒಲ್ಲೆ ಎನ್ನಲು ಒಂದು ಕಾರಣ ಬೇಕು, ಆ ಕಾರಣವನ್ನು ವಿವರಿಸಬೇಕು, ಅದಕ್ಕೆಲ್ಲ ತುಂಬ ಮಾತಾಡಬೇಕು. ಹೂಂ ಎನ್ನುವುದೇ ಸುಲಭವೆನಿಸಿತು. ನನ್ನ ಜೀವನದ ಎಷ್ಟೋ ಒಳ್ಳೆಯ ಸಂಗತಿಗಳು ನಡೆದಿರುವುದು ಈ ಸೋಮಾರಿತನದಿಂದಲೇ.

ಆ ವ್ಯಾನಿನಲ್ಲಿ ಒಂದೇ ನಿಯಮ: ಪೆಟ್ಟಿಗೆಯನ್ನು ಒಂಟಿಯಾಗಿ ಬಿಡಕೂಡದು. ಅಕಾರ್ಡಿಯನ್ನಿನೊಳಗೆ ನೂರಾರು ಪುಟ್ಟ ಲೋಹದ ನಾಲಗೆಗಳಿವೆ. ತಿದಿಯ ಗಾಳಿ ಅವನ್ನು ಅದುರಿಸಿದಾಗ ಸ್ವರ ಹುಟ್ಟುತ್ತದೆ. ಆ ನಾಲಗೆಗಳನ್ನು ಮರದ ಪಟ್ಟಿಗೆ ಕೂರಿಸಿರುವುದು ಜೇನುಮೇಣದಿಂದ. ಸ್ಕಾಟ್ಲೆಂಡಿನ ಚಳಿಗೆ ಅದು ಒಳ್ಳೆಯ ಉಪಾಯವಿರಬಹುದು. ಟೆಕ್ಸಸ್‌ನ ಬಿಸಿಲಿನಲ್ಲಿ, ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ, ಮೇಣ ಕರಗುತ್ತದೆ. ಹಿಂದೊಮ್ಮೆ ಹೂಸ್ಟನ್‌ನಲ್ಲಿ ಇವರು ಊಟ ಮುಗಿಸಿ ಬರುವಷ್ಟರಲ್ಲಿ ನಾಲಗೆಗಳೆಲ್ಲ ಜಾರಿ ಕೆಳಗೆ ಬಿದ್ದಿದ್ದವಂತೆ. ಎತ್ತಿ ಅಲುಗಾಡಿಸಿದರೆ ಗಿಲಕಿಯ ಸದ್ದು. ಆಗಿನಿಂದ ಎಲ್ಲಿ ನಿಲ್ಲಿಸಿದರೂ ಎಂಜಿನ್ ಆರಿಸುವಂತಿಲ್ಲ, ಎ.ಸಿ. ಹಾಕಿಕೊಂಡು ಒಬ್ಬರು ಪೆಟ್ಟಿಗೆಯ ಜೊತೆಗಿರಬೇಕು. ಹೊತ್ತುಕೊಂಡು ಹೋಗೋಣವೆಂದರೆ ಅದು ಅಕ್ಕಿಮೂಟೆಯಂತೆ ಭಾರ, ಇಯನ್ ಅವರ ಬೆನ್ನು ಕೇಳುವುದಿಲ್ಲ.

ಈ ಕೆಲಸವನ್ನು ನಾನು ಕೇಳಿ ಪಡೆದುಕೊಂಡೆ. ಅವರು ಒಳಗೆ ಹೋಗಿ ಗದ್ದಲದಲ್ಲಿ ಊಟ ಮಾಡುತ್ತಿದ್ದರೆ ನಾನು ತಂಪಾದ ವ್ಯಾನಿನಲ್ಲಿ, ಮಾತಾಡಿಸದ ಒಂದು ಪೆಟ್ಟಿಗೆಯ ಪಕ್ಕ, ಮೊಸರನ್ನ ತಿನ್ನುತ್ತ ಕೂರುವುದು. ಇದಕ್ಕಿಂತ ಹಿತವಾದ ಜೊತೆ ನನಗೆ ಈ ದೇಶದಲ್ಲಿ ಸಿಕ್ಕಿರಲಿಲ್ಲ. ಅಂಥ ಒಂದು ಹೊತ್ತಿನಲ್ಲಿ ಡಾಲಸ್ ಬಳಿಯ ಅಲೆನ್‌ನಿಂದ ಜಯಂತಿ ಚಿಕ್ಕಮ್ಮ, ಆ ಪೇಟಿ ಚಿಕ್ಕಪ್ಪನ ಹೆಂಡತಿ, ಫೋನ್ ಮಾಡಿದರು.

"ಎಲ್ಲಿದೀಯೇ ಪುಟ್ಟಿ?"

"ಕಾರಲ್ಲಿ."

"ಯಾರ ಜೊತೆ?"

"ಪೆಟ್ಟಿಗೆ ಜೊತೆ."

ಸಂಜೆ ಮೈಸೂರಿನಿಂದ ಅಮ್ಮನ ಫೋನ್: "ನಿದ್ದೆಗಿದ್ದೆ ಸರಿಯಾಗಿ ಮಾಡ್ತಿದೀಯಾ? ಜಯಂತಿ ಯಾಕೋ ಗಾಬರಿ ಆಗಿದ್ಲು."

ಕೂಟವನ್ನು ನಾನು ಮೊದಲು ಕಂಡದ್ದು ಹೂಸ್ಟನ್‌ನಲ್ಲಿ, ವೇದಿಕೆಯ ಪಕ್ಕದ ಕುರ್ಚಿಯಿಂದ. ಇಯನ್ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿರಲಿಲ್ಲ. ಮುಂದೆ ಹಾಳೆಯಿಲ್ಲ, ಪುಸ್ತಕವಿಲ್ಲ. ಅವರ ಕಣ್ಣು ಜನರ ಮುಖದ ಮೇಲೂ ಇಲ್ಲ, ನೆಲದ ಮೇಲೆ. ಇವರಿಗೆ ಸಂಕೋಚವೇನೋ, ನನ್ನ ಹಾಗೆ, ಎಂದುಕೊಂಡೆ. ವಾಪಸು ಬರುವಾಗ ಕೇಳಿದ್ದಕ್ಕೆ ಹೇಳಿದರು: "ಹಾಲ್‌ನಲ್ಲಿ ಎಲ್ಲಕ್ಕಿಂತ ನಿಧಾನವಾದ ಪಾದ ಯಾವುದು ಅಂತ ಮೊದಲು ಹುಡುಕುತ್ತೇನೆ. ಅದಕ್ಕೆ ನುಡಿಸುತ್ತೇನೆ. ಮಿಕ್ಕವರು ಹೇಗೋ ಹೊಂದಿಕೊಳ್ಳುತ್ತಾರೆ."

"ಡಾಲಸ್‌ನಲ್ಲಾದರೆ ಅದು ಮಾರ್ಗರೆಟ್‌ಳ ಎಡಗಾಲು. ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಕುಣಿಯುತ್ತಾಳೆ" ಎಂದರು ಮೊಯ್ರಾ. "ವರ್ಷಗಟ್ಟಲೆ ಆ ಕಾಲನ್ನು ನೋಡುತ್ತಿದ್ದಾನೆ. ನನ್ನ ಕಾಲನ್ನು ಎಂದಾದರೂ ನೋಡಿದ್ದಾನಾ ಕೇಳು."

"ನಿನ್ನ ಕಾಲು ನನ್ನನ್ನು ಒದೆಯುವುದರಲ್ಲಿ ಯಾವತ್ತೂ ನಿಧಾನ ಮಾಡಿಲ್ಲ" ಎಂದರು ಇಯನ್.

ನನಗೆ ಆ ದಾರಿಯುದ್ದಕ್ಕೂ ಅದೇ ಯೋಚನೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಮೈಸೂರಿನಲ್ಲಿ ಕಚೇರಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ವಿದ್ವಾಂಸರು ಮೇಲೆ ಕೂತು ಹಾಡುತ್ತಿದ್ದರೆ ಕೆಳಗೆ ಕೂತವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಪ್ಪದೆ ಹಾಕುವುದು ಒಂದು ಮರ್ಯಾದೆ. ಒಮ್ಮೆ ನನ್ನ ತಾಳ ತಪ್ಪಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕತ್ತು ತಿರುಗಿಸಿ ನನ್ನ ಕೈಯನ್ನು ನೋಡಿದರು. ಏನೂ ಅನ್ನಲಿಲ್ಲ, ನೋಡಿದರು ಅಷ್ಟೆ. ಅಂದಿನಿಂದ ನಾನು ಶಾಲಿನೊಳಗೆ ತಾಳ ಹಾಕುವವಳು. ಈಗಲೂ ಹಾಗೆಯೇ, ಕಾರ್ ಓಡಿಸುವಾಗ ಕೂಡ ಸ್ಟಿಯರಿಂಗ್‌ನ ಹಿಂಬದಿಗೆ ಬೆರಳು ಬಡಿಯುತ್ತೇನೆ. ನಮ್ಮಲ್ಲಿ ಕೇಳುವವರು ನುಡಿಸುವವರ ಲೆಕ್ಕ ಇಟ್ಟುಕೊಳ್ಳುತ್ತಾರೆ. ಇಲ್ಲಿ ನುಡಿಸುವವರು ಕುಣಿಯುವವರ ಲೆಕ್ಕ ಇಟ್ಟುಕೊಳ್ಳುತ್ತಿದ್ದರು. ಯಾವುದೋ ಜೋಡಿ ತಪ್ಪಿ ಹಿಂದೆ ಉಳಿದರೆ ಇಯನ್ ಸದ್ದಿಲ್ಲದೆ ಇನ್ನೊಂದು ಸುತ್ತು ಸೇರಿಸುತ್ತಿದ್ದರು. ಮುಗಿಸಬೇಕಾದಾಗ ಬಲಗಾಲನ್ನು ನೆಲದಿಂದ ಒಂದಿಷ್ಟು ಎತ್ತುತ್ತಿದ್ದರು. ಪಿಟೀಲೂ ಡ್ರಮ್ಮೂ ಒಟ್ಟಿಗೆ ನಿಲ್ಲುತ್ತಿದ್ದವು. ಅಷ್ಟು ಹೊತ್ತು ನುಡಿಸಿದವರ ಕಡೆಗೆ ಯಾರೂ ತಿರುಗಿ ನೋಡುತ್ತಲೂ ಇರಲಿಲ್ಲ; ತಮ್ಮ ಜೊತೆಗಾರರನ್ನೇ ನೋಡಿ ನಗುತ್ತಿದ್ದರು. ಅದೇ ತಮಗೆ ಸಂದ ಚಪ್ಪಾಳೆ ಎಂಬಂತೆ ಈ ಮೂವರು ನೀರು ಕುಡಿಯುತ್ತಿದ್ದರು. ಇಷ್ಟು ದೊಡ್ಡದನ್ನು ಇಷ್ಟು ಸಣ್ಣಗೆ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಡಾಲಸ್‌ನ ಕೂಟವನ್ನು ನೋಡಿಕೊಳ್ಳುವವರು ಡೋರಿಸ್ ಎಂಬ ಹೆಂಗಸು. ಒಳ್ಳೆಯವರೇ. ಆದರೆ ಬೇಸಿಗೆಯ ಕೊನೆಯಲ್ಲಿ ಅವರು ಒಂದು ದೊಡ್ಡ ಸ್ಪೀಕರ್ ಕೊಂಡಿದ್ದರು. "ಬೇಜಾರು ಮಾಡಿಕೊಳ್ಳಬೇಡ ಇಯನ್. ಒಂದು ಸಲ ನಿನ್ನ ಬೆನ್ನು, ಒಂದು ಸಲ ಕ್ಯಾಲಮ್‌ನ ಕಣ್ಣು, ಒಂದು ಸಲ ಹೆದ್ದಾರಿಯ ಟ್ರಾಫಿಕ್. ಸ್ಪೀಕರ್‌ಗೆ ಬೆನ್ನುನೋವು ಬರುವುದಿಲ್ಲ. ಅಕ್ಟೋಬರ್ ಕೂಟ ಹೇಗಾಗುತ್ತದೋ ನೋಡಿ ತೀರ್ಮಾನ ಮಾಡೋಣ" ಎಂದಿದ್ದರು. ಡಾಲಸ್ ಹೋದರೆ ಮಿಕ್ಕೆರಡು ಊರುಗಳೂ ಅದನ್ನೇ ಹಿಡಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪೆಟ್ರೋಲ್ ಹಾಕಿಸುವಾಗ ಮೊಯ್ರಾ ನನ್ನೊಬ್ಬಳಿಗೆ ಹೇಳಿದರು: "ತಿಂಗಳಿಗೊಂದು ಕೂಟ ಇಲ್ಲದಿದ್ದರೆ ಇವನು ಸೋಫಾದಿಂದ ಏಳುವುದಿಲ್ಲ. ಆಮೇಲೆ ಏಳಲು ಆಗುವುದೂ ಇಲ್ಲ." ನನ್ನ ಪಾಡೂ ನನಗೆ ಕಂಡಿತು. ಮತ್ತೆ ಕಸದ ಡಬ್ಬಿಯ ಮಾತು.

ಆ ಅಕ್ಟೋಬರ್ ಕೂಟ ಬಿದ್ದದ್ದು ಮಹಾನವಮಿಯ ದಿನ.

ಕೂಟಕ್ಕೆ ಮೊದಲು ಅಲೆನ್‌ನಲ್ಲಿ ಊಟ ಮಾಡಿಕೊಂಡೇ ಹೋಗಬೇಕೆಂದು ಚಿಕ್ಕಮ್ಮನ ಕಟ್ಟಪ್ಪಣೆ. ಅವರ ಮನೆಯ ನಡುಕೋಣೆಯಲ್ಲಿ ಪುಸ್ತಕದ ಶೆಲ್ಫ್‌ಗಳನ್ನು ಅಡ್ಡ ಮಲಗಿಸಿ ಮಾಡಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂತಿದ್ದವು. ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ರಾಗಿ ಪೈರಿನ ನಡುವೆ ನೀಳ ಕೊಂಬಿನ ಟೆಕ್ಸಸ್ ದನಗಳು, ಅವನ್ನು ಮೇಯಿಸುವ ಒಬ್ಬ ಪ್ಲಾಸ್ಟಿಕ್ ಕೌಬಾಯ್. ಮೂವರನ್ನೂ ಒಳಗೆ ಕಳಿಸಿ ನಾನು ವ್ಯಾನಿನಲ್ಲಿ ಕೂತೆ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

"ಅವರೆಲ್ಲ ಒಳಗೆ ಬಂದ್ರು, ನೀನ್ಯಾಕೆ ಇಲ್ಲೇ ಕೂತಿದೀಯ?"

"ಪೆಟ್ಟಿಗೆಗೆ ಸೆಖೆ ಆಗುತ್ತೆ ಚಿಕ್ಕಮ್ಮ."

"ಅಷ್ಟೇನಾ? ಅದನ್ನೂ ಕರ್ಕೊಂಡು ಬಾ ಒಳಗೆ."

ಚಿಕ್ಕಪ್ಪ ಅದನ್ನು ಹೊತ್ತು ತಂದರು. "ಅಯ್ಯ, ಪೇಟಿ ಬಂತ್ ನೋಡ್ರಿ! ಹಾದಿ ಬಿಡ್ರಿ, ಹಾದಿ ಬಿಡ್ರಿ" ಎಂದು ಇಯನ್‌ಗೆ ಕನ್ನಡದಲ್ಲೇ ಹೇಳಿದರು, ಇಯನ್ ಅರ್ಥವಾದವರಂತೆ ಹಾದಿ ಬಿಟ್ಟರು. ಆಮೇಲೆ ಚಿಕ್ಕಪ್ಪ ಹೊರಗೆ ಹೋಗಿ ನಮ್ಮ ವ್ಯಾನಿಗೂ ಹೂವಿನ ಹಾರ ಹಾಕಿ, ನಾಲ್ಕು ಚಕ್ರದಡಿಯೂ ನಿಂಬೆಹಣ್ಣು ಇಟ್ಟು ಬಂದರು.

ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿದರು: "ಆಯುಧಪೂಜೆ ದಿನ ಮನೆಗೆ ವಾದ್ಯ ಬಂದಿದೆ ಕಣೇ. ಒಂದು ಹೂ ಏರಿಸಿ ಕುಂಕುಮ ಇಡ್ತೀನಿ ಅಂತ ಅವರನ್ನ ಕೇಳು." ನಾನು ಕೇಳಿದೆ. ಇಯನ್‌ಗೆ ಸಂತೋಷ. ಮೊಯ್ರಾ ತಮ್ಮ ಪಿಟೀಲನ್ನೂ ತಂದರು. ಕ್ಯಾಲಮ್ ಡ್ರಮ್ ಹೊತ್ತು ತಂದು, ಕೌಬಾಯ್ ಪಕ್ಕದಲ್ಲಿ ಇಡಬಹುದೇ ಎಂದು ಕೇಳಿ ಇಟ್ಟರು. ಚಿಕ್ಕಮ್ಮ ಮೂರಕ್ಕೂ ಗಂಧ, ಕುಂಕುಮ, ಸೇವಂತಿಗೆ ಏರಿಸಿ ಆರತಿ ಎತ್ತಿದರು. ಮೂವರೂ ಕೈಕಟ್ಟಿಕೊಂಡು ನಿಂತಿದ್ದರು, ಶಾಲೆಯ ಮಕ್ಕಳಂತೆ. ಒಬ್ಬಟ್ಟಿನ ಊಟವಾಯಿತು. ಇಯನ್ ಮೂರನೆಯ ಒಬ್ಬಟ್ಟಿಗೆ ಕೈ ಚಾಚಿದಾಗ ಮೊಯ್ರಾ ತಟ್ಟೆಯನ್ನೇ ಸರಿಸಿದರು.

ಕೈತೊಳೆದು ಇಯನ್ ಪೆಟ್ಟಿಗೆಯ ಪಟ್ಟಿಗೆ ಕೈ ಹಾಕಿದಾಗ, ಚಿಕ್ಕಮ್ಮನ ಮಗಳು ಸ್ನೇಹಾ ಸೋಫಾದಿಂದ ಹೇಳಿದಳು: "ಸಾರಿ ಅಂಕಲ್, ಯು ಕಾಂಟ್ ಟಚ್ ಇಟ್ ಟಿಲ್ ಟುಮಾರೋ. ದಟ್ಸ್ ದ ಹೋಲ್ ಪಾಯಿಂಟ್."

ಅವಳ ಮಾತಿನ ಹಿಂದೆ ಸ್ವಾರ್ಥವಿತ್ತು. ಅವಳ ಕ್ಯಾಲ್ಕುಲಸ್ ಪುಸ್ತಕ, ಶಾಲೆಯ ಲ್ಯಾಪ್‌ಟಾಪ್, ಎರಡೂ ಗೊಂಬೆಗಳ ಮುಂದೆ ಹೂ ಮುಡಿದು ಕೂತಿದ್ದವು. ಇದು ನಮ್ಮ ಮಕ್ಕಳಿಗೆ ಯಾವ ದೇಶದಲ್ಲೂ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೂ ಅವಳ ವಯಸ್ಸಿನಲ್ಲಿ ಪೂಜೆಗೆ ಇಡಲು ಆರಿಸುತ್ತಿದ್ದದ್ದು ಗಣಿತವನ್ನೇ, ಜೊತೆಗೆ ಮಾಡಿ ಮುಗಿಸದ ಹೋಂವರ್ಕ್‌ನ ಪುಸ್ತಕವನ್ನೂ. ನೀವೂ ಅದನ್ನೇ ಮಾಡಿರುತ್ತೀರಿ. ಸರಸ್ವತಿಯ ಮುಂದೆ ಇಟ್ಟದ್ದನ್ನು ಮರುದಿನ ವಿಜಯದಶಮಿಯಂದು ಪೂಜೆ ಮಾಡಿ ತೆಗೆಯುವವರೆಗೆ ಓದುವಂತಿಲ್ಲ, ನುಡಿಸುವಂತಿಲ್ಲ. ಅಷ್ಟು ಹೊತ್ತಿನ ಸ್ವರ್ಗಕ್ಕೆ ಒಂದೇ ದಂಡ: ತೆಗೆದ ಬೆಳಗ್ಗೆ ಎರಡು ಸಾಲಾದರೂ ಓದಲೇಬೇಕು.

ಚಿಕ್ಕಮ್ಮನಿಗೆ ಆಗಷ್ಟೇ ಅದು ಹೊಳೆಯಿತು. "ಅಯ್ಯೋ ರಾಮ! ಸಂಜೆ ಅವರದು ಪ್ರೋಗ್ರಾಂ ಅಲ್ವಾ? ತಗೊಂಡು ಹೋಗ್ಲಿ ಪುಟ್ಟಿ, ಹೇಳು ಅವರಿಗೆ. ದೇವರು ಏನೂ ಅಂದ್ಕೊಳ್ಳಲ್ಲ."

ನಾನು ನಿಖರವಾಗಿ ವಿವರಿಸಿದೆ. ನಿಯಮ ಇದು, ಆದರೆ ಮನೆಯವರೇ ಬಿಟ್ಟುಕೊಟ್ಟಿದ್ದಾರೆ, ತೊಂದರೆಯಿಲ್ಲ.

"ವ್ಯಾನಿಗೂ ಪೂಜೆ ಆಯಿತಲ್ಲ, ಅದನ್ನು ಓಡಿಸಬಹುದಾ?" ಕ್ಯಾಲಮ್ ಕೇಳಿದರು.

"ಓಡಿಸಲೇಬೇಕು. ನಿಂಬೆಹಣ್ಣಿನ ಮೇಲೆ ಹತ್ತಿಸಿ."

"ಅಂದರೆ ವ್ಯಾನ್ ದುಡಿಯಬಹುದು, ಡ್ರಮ್ ದುಡಿಯಬಾರದು?"

ನಾನು ಚಿಕ್ಕಮ್ಮನ ಕಡೆ ನೋಡಿದೆ. "ವಾಹನ ಬೇರೆ, ವಿದ್ಯೆ ಬೇರೆ" ಎಂದರು ಅವರು, ಇದರಲ್ಲಿ ತಿಳಿಯದಿರುವಂಥದ್ದು ಏನಿದೆ ಎಂಬ ಧಾಟಿಯಲ್ಲಿ.

ಇಯನ್ ಪೆಟ್ಟಿಗೆಯಿಂದ ಕೈ ತೆಗೆದಿದ್ದರು. "ನಮ್ಮ ದ್ವೀಪದಲ್ಲಿ ಭಾನುವಾರ ದೇವರ ದಿನ, ಇದು ಮಂಚದ ಕೆಳಗೆ ಇರುತ್ತಿತ್ತು. ತಾತನ ಪೆಟ್ಟಿಗೆ. ನಾನು ಎಳೆಯಲು ಹೋದರೆ ಅಜ್ಜಿ, ಮಲಗಿದೆ, ಎಬ್ಬಿಸಬೇಡ ಅನ್ನುತ್ತಿದ್ದಳು. ಟೆಕ್ಸಸ್‌ಗೆ ಬಂದ ಮೇಲೆ ಶನಿವಾರವೂ ಕೂಟ, ಭಾನುವಾರವೂ ಅಭ್ಯಾಸ. ಇದು ಮಲಗಿ ಎಷ್ಟು ಕಾಲವಾಯಿತೋ."

"ಇಯನ್," ಮೊಯ್ರಾ ಹೇಳಿದರು, "ಇವತ್ತು ಡೋರಿಸ್ ಸ್ಪೀಕರ್ ಪಕ್ಕದಲ್ಲೇ ನಿಂತಿರುತ್ತಾಳೆ."

"ಬಾಯಲ್ಲಿ ಹಾಡೋಣ."

"ಹುಚ್ಚಾ ನಿನಗೆ?"

ಅವರ ದ್ವೀಪಗಳಲ್ಲಿ ಹಿಂದೊಂದು ಕಾಲದಲ್ಲಿ ಪಿಟೀಲು ನುಡಿಸುವುದು ಪಾಪವೆಂದು ಪಾದ್ರಿಗಳು ಸಾರಿ, ಜನ ತಮ್ಮ ಪಿಟೀಲುಗಳನ್ನು ತಾವೇ ಸುಟ್ಟರಂತೆ. ಆಗ ವಾದ್ಯದ ಬದಲು ಬಾಯಲ್ಲೇ ಕುಣಿತದ ಮಟ್ಟುಗಳನ್ನು ಹಾಡಿಕೊಂಡು ಕುಣಿದರಂತೆ. ಅರ್ಥವಿಲ್ಲದ ಅಕ್ಷರಗಳು, ಗಾಳಿಯ ಹಾಗೆ ಓಡುವ ವೇಗ. ನಮ್ಮ ಮೃದಂಗದವರು ಬಾಯಲ್ಲಿ ಹೇಳುವ ಕೊನ್ನಕೋಲಿಗೆ ರಾಗ ಹಚ್ಚಿದ ಹಾಗೆ ಎಂದುಕೊಳ್ಳಿ. ಇಯನ್ ಅದನ್ನು ಅಜ್ಜಿಯಿಂದ ಕಲಿತಿದ್ದರು.

"ನಿನ್ನ ಅಜ್ಜಿ ಕೂಟಗಳಲ್ಲಿ ಹಾಡುತ್ತಿದ್ದಾಗ ಅವಳಿಗೆ ಇಪ್ಪತ್ತು ವರ್ಷ. ನೀನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೀಯ" ಎಂದರು ಮೊಯ್ರಾ.

ಇಷ್ಟರಲ್ಲಿ ಚಿಕ್ಕಮ್ಮ, ಮಾತು ತಮ್ಮಿಂದಲೇ ಬಿಗಡಾಯಿಸಿತೆಂದು, ಪಿಟೀಲನ್ನು ಎತ್ತಿಕೊಡಲು ಹೊರಟರು. ಎತ್ತುವ ಮೊದಲು ಅದರ ಕುತ್ತಿಗೆಯನ್ನು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತಮ್ಮ, ಕ್ಷಮಿಸು" ಎಂದರು. ಮೆಲ್ಲಗೆ, ಪಿಟೀಲಿಗೆ ಮಾತ್ರ ಕೇಳಿಸುವ ಹಾಗೆ. ಮೊಯ್ರಾ ನನ್ನ ಕಡೆ ತಿರುಗಿದರು.

"ಏನೆಂದರು?"

"ಪಿಟೀಲಿನ ಕ್ಷಮೆ ಕೇಳಿದರು."

ಮೊಯ್ರಾ ಚಿಕ್ಕಮ್ಮನ ಹತ್ತಿರ ಬಂದರು. "ಇಷ್ಟು ವರ್ಷದಲ್ಲಿ ನನ್ನ ಪಿಟೀಲಿನ ಕ್ಷಮೆ ಯಾರೂ ಕೇಳಿಲ್ಲ. ಅದರ ಮೇಲೆ ಕೂತವನು ಕೂಡ" ಎಂದು ಇಯನ್‌ರನ್ನು ನೋಡಿದರು. ಆಮೇಲೆ ಚಿಕ್ಕಮ್ಮನ ಕೈಯನ್ನು ಮೆಲ್ಲಗೆ ಹಿಡಿದು ಪಿಟೀಲಿನಿಂದ ಬಿಡಿಸಿದರು. "ಇರಲಿ ಬಿಡಿ. ನಾಳೆ ಬೆಳಗ್ಗೆ ತೆಗೆದುಕೊಳ್ಳುತ್ತೇವೆ."

ನಿಂಬೆಹಣ್ಣುಗಳ ಮೇಲೆ ವ್ಯಾನ್ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಜಾಗದಲ್ಲಿ ಚಿಕ್ಕಮ್ಮ ಕೂತಿದ್ದರು, ರೇಷ್ಮೆ ಸೀರೆಯಲ್ಲೇ. ತಾವು ಮಾಡಿದ್ದು ಏನಾಗುತ್ತದೋ ಕಣ್ಣಾರೆ ನೋಡದೆ ಮನೆಯಲ್ಲಿ ಕೂರಲಾರೆ ಎಂದಿದ್ದರು.

ಹಾಲ್‌ನಲ್ಲಿ ಡೋರಿಸ್ ಮೂವರ ಬರಿಗೈಗಳನ್ನು ನೋಡಿದರು.

"ವಾದ್ಯಗಳೆಲ್ಲಿ?"

"ದೇವರ ಮುಂದೆ ಇವೆ" ಎಂದರು ಮೊಯ್ರಾ.

"ಯಾವ ದೇವರು?"

"ಮೆಟ್ಟಿಲು ತುಂಬ ಇದ್ದಾರೆ" ಎಂದರು ಕ್ಯಾಲಮ್. "ಒಬ್ಬ ಕೌಬಾಯ್ ಕೂಡ."

ಡೋರಿಸ್ ನಗಲಿಲ್ಲ. ವೇದಿಕೆಯ ಪಕ್ಕದಲ್ಲಿ ಸ್ಪೀಕರ್ ತನ್ನ ಕಂಬದ ಮೇಲೆ ನಿಂತಿತ್ತು, ಅದರ ಕಣ್ಣಲ್ಲಿ ಒಂದು ನೀಲಿ ದೀಪ. ಅವರು ಅದರ ಪಕ್ಕ ಹೋಗಿ ನಿಂತರು.

ಕುಣಿತ ಶುರುವಾಗುವ ಮೊದಲು ಪೆಟ್ಟಿಗೆಯಿಂದ ಒಂದು ಉದ್ದನೆಯ ಸ್ವರ ಬರುವುದು ವಾಡಿಕೆ. ಅದಕ್ಕೆ ಎಲ್ಲರೂ ಜೊತೆಗಾರರಿಗೆ ತಲೆಬಾಗಿ ವಂದಿಸುತ್ತಾರೆ. ಇಯನ್ ಬಾಯಿ ಮುಚ್ಚಿಕೊಂಡೇ ಆ ಸ್ವರವನ್ನು ಗುನುಗಿದರು. ಕೆಲವರು ಬಾಗಿದರು, ಕೆಲವರು ಸ್ವರ ಎಲ್ಲಿಂದ ಬಂತೆಂದು ನೋಡಿದರು. ಕ್ಯಾಲಮ್ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು, "ಇದಕ್ಕೆ ಪೂಜೆ ಆಗಿಲ್ಲ ತಾನೇ?" ಎಂದು ಚಿಕ್ಕಮ್ಮನಿಗೆ ಸನ್ನೆ ಮಾಡಿ, ಅದರ ಬೆನ್ನಿನ ಮೇಲೆ ಬೆರಳಿನಿಂದ ಬಡಿಯತೊಡಗಿದರು. ಇಯನ್ ಮತ್ತು ಮೊಯ್ರಾ ಹಾಡಿದರು. ಮೊದಲೆರಡು ಕುಣಿತ ನಗೆಯಲ್ಲೇ ಕಳೆದವು. ಇದೊಂದು ಹೊಸ ತಮಾಷೆ ಎಂದುಕೊಂಡಿದ್ದರು ಜನ.

ಮೂರನೆಯದು ಉದ್ದನೆಯ ಕುಣಿತ. ಎರಡು ಸಾಲಿನಲ್ಲಿ ಎದುರುಬದುರು ನಿಂತು, ಒಂದೊಂದೇ ಜೋಡಿ ನಡುವೆ ಇಳಿದು ಬರಬೇಕು. ಎಲ್ಲ ಜೋಡಿಗಳೂ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ಬಂದಾಗ ಇಯನ್ ಅವರ ದನಿ ಒಡೆಯಿತು. ಮತ್ತೆ ಹಿಡಿಯಲು ಹೋದರು, ಕೆಮ್ಮು ಬಂತು. ಮೊಯ್ರಾ ಒಬ್ಬರೇ ಹಾಡುತ್ತಿದ್ದರು, ಉಸಿರು ಎಳೆದುಕೊಳ್ಳುವ ಕಡೆಯೆಲ್ಲ ಮಟ್ಟು ತುಂಡಾಗುತ್ತಿತ್ತು. ಸಾಲುಗಳು ತಡವರಿಸಿದವು. ಡೋರಿಸ್ ಅವರ ಕೈ ಸ್ಪೀಕರಿನ ಮೇಲೆ ಹೋದದ್ದನ್ನು ಕಂಡೆ. ಅಷ್ಟಾದರೂ ಇಯನ್ ಕಣ್ಣೆತ್ತಿರಲಿಲ್ಲ. ಕೆಮ್ಮುತ್ತಲೇ ನೆಲ ನೋಡುತ್ತಿದ್ದರು, ಮಂಡಿಗೆ ಪಟ್ಟಿ ಕಟ್ಟಿದ ಒಂದು ಎಡಗಾಲನ್ನು.

ಆ ಕಾಲಿನ ಒಡತಿ ಹಾಡತೊಡಗಿದರು.

ಮಾರ್ಗರೆಟ್ ಅವರದು ಸಣ್ಣ ದನಿ, ಸ್ವಲ್ಪ ಅಪಸ್ವರ. ಆದರೆ ಮಟ್ಟಿನ ಒಂದು ಮಡಿಕೆಯೂ ತಪ್ಪಿರಲಿಲ್ಲ. ಅಷ್ಟು ವರ್ಷ ಅವರ ಹೆಜ್ಜೆಗೆ ಕಾದ ಮಟ್ಟು ಅದು, ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಪಕ್ಕದವರು ಸೇರಿದರು. ಎದುರು ಸಾಲಿನವರು ಸೇರಿದರು. ಅಕ್ಷರಗಳು ಗೊತ್ತಿಲ್ಲದವರು ಲಾಲಾ ಎಂದರು, ಟೆಕ್ಸಸ್‌ನ ದಪ್ಪ ದನಿಯ ಗಂಡಸರು ಬರಿದೇ ಹೂಂಕರಿಸಿದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಇಡೀ ಹಾಲ್ ತನ್ನ ಕುಣಿತಕ್ಕೆ ತಾನೇ ಹಾಡಿಕೊಳ್ಳುತ್ತಿತ್ತು. ಮರದ ನೆಲ ಅದುರುತ್ತಿತ್ತು. ಹೀಗೊಂದನ್ನು ನಾನು ಎಲ್ಲೂ ಕೇಳಿರಲಿಲ್ಲ. ಸಂಗೀತ ಎಲ್ಲಿಂದ ಬರುತ್ತಿದೆ ಎಂದು ಬೆರಳು ಮಾಡಿ ತೋರಿಸಲು ಒಂದು ಜಾಗವಿರಲಿಲ್ಲ. ಈ ಮೂವರು ಸರದಿ ಸರದಿಗೂ ಬಂದು ಯಾರ ಗಮನಕ್ಕೂ ಬಾರದಂತೆ ಅದನ್ನು ಈ ಜನರ ಕಾಲುಗಳಲ್ಲಿ ಇಟ್ಟು ಹೋಗಿದ್ದರು. ನಾನು ಕುರ್ಚಿಯ ತೋಳನ್ನು ಹಿಡಿದುಕೊಂಡೆ.

ಡೋರಿಸ್ ಅವರ ಕೈ ಸ್ಪೀಕರಿನ ಮೇಲೆಯೇ ಇತ್ತು. ಆದರೆ ಅದು ತಾಳ ಹಾಕುತ್ತಿತ್ತು.

ಕೊನೆಯ ಜೋಡಿ ತನ್ನ ಜಾಗ ಸೇರಿತು. ಇಯನ್ ಬಲಗಾಲನ್ನು ನೆಲದಿಂದ ಒಂದಿಷ್ಟು ಎತ್ತಿದರು. ಅವರ ಕಡೆ ಯಾರೂ ನೋಡುವುದಿಲ್ಲವೆಂದು ಬರೆದೆನಲ್ಲ, ಅದು ತಪ್ಪು. ಎಲ್ಲರೂ ನೋಡುತ್ತಲೇ ಇದ್ದರು. ಇಡೀ ಹಾಲ್ ಒಂದೇ ಬಾರಿಗೆ ನಿಂತಿತು.

ಆಮೇಲೆ ಮಿಕ್ಕ ಕುಣಿತಗಳೆಲ್ಲ ಹಾಗೆಯೇ ನಡೆದವು. ಹೊರಡುವಾಗ ಡೋರಿಸ್ ಬಾಗಿಲವರೆಗೆ ಬಂದು, "ಮುಂದಿನ ಸರದಿಗೆ ಪೆಟ್ಟಿಗೆ ತನ್ನಿ. ದೇವರು ಬಿಡದಿದ್ದರೆ ಹಾಗೇ ಬನ್ನಿ" ಎಂದರು. ಮೊಯ್ರಾ ತಿರುಗಿ ನೋಡದೆ ನಡೆದು ಹೋಗಿ ವ್ಯಾನಿನ ಮರೆಯಲ್ಲಿ ಕಣ್ಣೊರೆಸಿಕೊಂಡರು. ನಾನು ಬೀಗದ ಕೈ ಹುಡುಕುವವಳಂತೆ ಬ್ಯಾಗಿನೊಳಗೆ ತಲೆಯಿಟ್ಟೆ.

ಅಲೆನ್‌ಗೆ ವಾಪಸಾಗುವಾಗ ಚಿಕ್ಕಮ್ಮ ಮುಂದಿನ ಸೀಟಿಗೆ ಬಂದಿದ್ದರು. ಬಹಳ ಹೊತ್ತಿನ ಮೇಲೆ ಹೇಳಿದರು: "ನೀನೂ ಹಾಡ್ತಿದ್ದೆ ಕಣೇ. ನಾನು ನೋಡ್ದೆ. ಬಾಯಿ ಬಿಟ್ಟು, ಜೋರಾಗಿ." ನಾನು ಕನ್ನಡಿ ಸರಿಮಾಡಿಕೊಂಡೆ. "ಲೇನ್ ಚೇಂಜ್ ಮಾಡ್ಬೇಕು ಚಿಕ್ಕಮ್ಮ, ಒಂದು ನಿಮಿಷ" ಎಂದೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಚಿಕ್ಕಮ್ಮ ಪುನಃಪೂಜೆ ಮುಗಿಸಿದ್ದರು. ಸ್ನೇಹಾ ಮುಖ ಸಿಂಡರಿಸಿಕೊಂಡು ಕ್ಯಾಲ್ಕುಲಸ್‌ನ ಎರಡು ಸಾಲು ಓದಿದಳು. ಮೊಯ್ರಾ ಪಿಟೀಲಿನ ಒಂದು ತಂತಿ ಎಳೆದರು, ಕ್ಯಾಲಮ್ ಡ್ರಮ್ ಮೇಲೆ ಎರಡು ಬೆರಳು ಆಡಿಸಿದರು. ಇಯನ್ ಪೆಟ್ಟಿಗೆಯ ಮೇಲಿನ ಸೇವಂತಿಗೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಗಂಟಲಿಗೆ ಕೈ ಇಟ್ಟು ತೋರಿಸಿದರು. ದನಿ ಪೂರ್ತಿ ಹೋಗಿತ್ತು, ಬೆನ್ನೂ ಹಿಡಿದಿತ್ತು. ಪೆಟ್ಟಿಗೆಯನ್ನು ತೋರಿಸಿ, ನನ್ನನ್ನು ತೋರಿಸಿದರು.

"ನನಗೆ ಬರುವುದಿಲ್ಲ" ಎಂದೆ.

"ಅದರ ಜೊತೆ ಅಷ್ಟು ಊಟ ಮಾಡಿದ್ದೀಯಲ್ಲ" ಎಂದರು ಮೊಯ್ರಾ.

ಒಲ್ಲೆ ಎನ್ನಲು ತುಂಬ ಮಾತಾಡಬೇಕು. ನಾನು ಕುರ್ಚಿಯಲ್ಲಿ ಕೂತೆ. ಚಿಕ್ಕಪ್ಪ ಅದನ್ನೆತ್ತಿ ನನ್ನ ಮಡಿಲಲ್ಲಿ ಇಟ್ಟರು, ಮೊಯ್ರಾ ಪಟ್ಟಿಗಳನ್ನು ಹೆಗಲಿಗೆ ಏರಿಸಿದರು. ಎಡಗೈಯ ಹೆಬ್ಬೆರಳಿಗೆ ಒಂದು ಗುಂಡಿ ಸಿಗುತ್ತದೆ. ಅದನ್ನು ಒತ್ತಿದರೆ ಸ್ವರವಿಲ್ಲದೆ ಗಾಳಿ ಮಾತ್ರ ಆಡುತ್ತದೆ. ನಾನು ಅದನ್ನೇ ಒತ್ತಿದೆ. ತಿದಿ ಅಗಲವಾಯಿತು, ಪೆಟ್ಟಿಗೆ ಉದ್ದನೆಯ ಒಂದು ಉಸಿರೆಳೆದುಕೊಂಡಿತು. ಮೆಲ್ಲಗೆ ಮುಚ್ಚಿದೆ, ಉಸಿರು ಬಿಟ್ಟಿತು. ಒಂದು ದಿನ ಚೆನ್ನಾಗಿ ಮಲಗಿ ಎದ್ದವರ ಹಾಗೆ. ಇನ್ನೊಮ್ಮೆ ಎಳೆದೆ.

"ಯಾಕೇ ಪುಟ್ಟಿ, ಶಬ್ದಾನೇ ಬರ್ತಿಲ್ಲ?" ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದರು. "ಕುಂಕುಮ ಜಾಸ್ತಿ ಆಯ್ತಾ ಹೇಗೆ?"

ನಾನು ಕುಂಕುಮ ಹತ್ತಿದ ಬಿಳಿ ಕೀಯ ಮೇಲೆ ಬೆರಳಿಟ್ಟು, ಅದು ಎಲ್ಲರಿಗೂ ಕೇಳಿಸುವ ಹಾಗೆ, ಒತ್ತಿದೆ.